ಯಾರ ಕೈಗೂ ಸಿಗದ ಜೂನಿಯರ್

ಅಗಡಿಯ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಚಹಾದ ಅಂಗಡಿ ಇದೆ. ಹಾವೇರಿಗೆ ಕೆಲಸಕ್ಕೆ ಹೋಗುವವರು ಬಸ್ಸು ಬರುವವರೆಗೆ ಅಲ್ಲಿ ಕೂರುತ್ತಾರೆ. ಎಲ್ಲಿಗೂ ಹೋಗದವರು ಬಸ್ಸು ಹೋದ ಮೇಲೂ ಕೂರುತ್ತಾರೆ. ಗುಡದಪ್ಪ ಈ ಎರಡನೆಯವರ ಪೈಕಿ. ನಾಲ್ಕು ಎಕರೆ ಹೊಲ, ಅದರಲ್ಲಿ ಗೋವಿನಜೋಳ, ಒಂದಿಷ್ಟು ಮೆಣಸಿನಕಾಯಿ, ಎಲ್ಲವನ್ನೂ ನೋಡಿಕೊಳ್ಳಲು ಹೆಂಡತಿ ದುರಗವ್ವ. ಇಷ್ಟಿದ್ದ ಮೇಲೆ ಗಂಡಸಾದವನಿಗೆ ಚಹಾದ ಅಂಗಡಿ ಬಿಟ್ಟು ಬೇರೆ ಕೆಲಸವಾದರೂ ಏನಿರುತ್ತದೆ?

ಹಾಗಂತ ಅವನನ್ನು ಬರೀ ಮಾತಿನ ಮಲ್ಲ ಎಂದರೆ ಅನ್ಯಾಯವಾದೀತು. ಅವನಿಗೊಂದು ಹೆಸರಿತ್ತು. ‘ಅಗಡಿ ಸಿಡಿಲು’ ಎಂಬ ಕೊಬ್ಬರಿ ಹೋರಿಯ ಒಡೆಯ ಅವನು. ದೀಪಾವಳಿ ಬಂತೆಂದರೆ ನಮ್ಮ ಕಡೆ ಊರೂರಿಗೆ ಹೋರಿ ಬೆದರಿಸುತ್ತಾರೆ. ಹೋರಿಗೆ ಒಣಕೊಬ್ಬರಿಯ ಸರ ಕಟ್ಟಿ ಜನರ ನಡುವೆ ಓಡಲು ಬಿಡುತ್ತಾರೆ, ಹುಡುಗರು ಅದರ ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಗೊಡದ ಹೋರಿಯೇ ಹೋರಿ. ಯಾರ ಕೈಗೂ ಸಿಗದಿರುವುದೇ ಅದರ ಮರ್ಯಾದೆ, ಅದರ ಒಡೆಯನ ಮರ್ಯಾದೆಯೂ ಅದೇ. ಸಿಡಿಲು ವರ್ಷಗಟ್ಟಲೆ ಯಾರ ಕೈಗೂ ಸಿಗಲಿಲ್ಲ. ಐರಣಿಯಲ್ಲಿ ಬಿಟ್ಟಾಗ ಜನಸಾಗರವೇ ಹೆದರಿ ಎರಡು ಭಾಗವಾಗಿ ದಾರಿ ಬಿಟ್ಟಿತ್ತು ಎಂದು ಗುಡದಪ್ಪ ಹೇಳುತ್ತಾನೆ. ಅವತ್ತು ನಾನೂ ಅಲ್ಲಿದ್ದೆ. ದಾರಿ ಬಿಟ್ಟಿದ್ದು ಖರೆ, ಹಿಂದಿನಿಂದ ಆಂಬುಲೆನ್ಸ್ ಬರುತ್ತಿತ್ತು.

ಸಿಡಿಲು ಮುದಿಯಾಗಿ ಸತ್ತಿತು. ಅದನ್ನು ಹೊಲದ ಬದುವಿನಲ್ಲಿ ಹೂತು ಬಂದ ಗುಡದಪ್ಪ ಒಂದು ವರ್ಷ ನನ್ನ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತ. ಅವನ ಬಾಯಿ ಮುಚ್ಚಲಿ ಎಂದು ಬೇಡಿಕೊಳ್ಳುತ್ತಿದ್ದವರೇ ಅವನ ಮುಖ ನೋಡಲಾಗದೆ ಬೇರೆ ಕಡೆ ತಿರುಗಿ ಕೂರುತ್ತಿದ್ದರು. ನನಗೂ ಸಂಕಟವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಅವನ ಕೈಗೆ ಮೊಬೈಲ್ ಬಂತು, ಮೊಬೈಲಿನಲ್ಲಿ ಕುದುರೆ ಬಂತು. ಬಿಳಿ ಪಂಚೆ ಉಟ್ಟ ಯಾರೋ ಸಾಹುಕಾರರು, ಎರಡು ಕಾಲ ಮೇಲೆ ಎದ್ದು ನಿಲ್ಲುವ ಬೀಜದ ಕುದುರೆಗಳು, ಹಿನ್ನೆಲೆಯಲ್ಲಿ ಢಮ್ ಢಮ್ ಎಂಬ ಸಂಗೀತ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ತಾಲೂಕು ಹುಡುಕಿದರೂ ಹೆಣ್ಣು ಕುದುರೆಗಳಿಗೆ ಬಿಡಲು ಒಂದು ಒಳ್ಳೆಯ ಗಂಡು ಕುದುರೆ ಇಲ್ಲ, ಇದು ನಾಡಿಗೇ ಅವಮಾನ ಎಂದು ಅವನಿಗೆ ಹೊಳೆಯಿತು. ಈ ಅವಮಾನದ ಸುದ್ದಿ ಅಲ್ಲಿಯವರೆಗೆ ನಮಗೆ ಯಾರಿಗೂ ಮುಟ್ಟಿರಲಿಲ್ಲ.

ರಾಣೆಬೆನ್ನೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಜಹಾಂಗೀರನನ್ನು ಕಟ್ಟಿಕೊಂಡು ಮಹಾರಾಷ್ಟ್ರದ ಒಂದು ಕುದುರೆ ಸಂತೆಗೆ ಹೋದ. ಕಣ್ಣು ಮುಚ್ಚಿ ನಿಂತು ಮೇಯುತ್ತಿದ್ದ ಸಾಧು ಕುದುರೆಯೊಂದನ್ನು ಜಹಾಂಗೀರ ತೋರಿಸಿದನಂತೆ. ಗುಡದಪ್ಪ ಹಗ್ಗ ಹರಿಯಲು ನೋಡುತ್ತಿದ್ದ ಕಂದು ಬಣ್ಣದ ಗಂಡನ್ನೇ ಆರಿಸಿದ. ಊರಿಗೆ ತಂದು ‘ಜೂನಿಯರ್ ಸಿಡಿಲು’ ಎಂದು ಹೆಸರಿಟ್ಟ. ಊರವರು ಸಿಡಿಲನ್ನು ಬಿಟ್ಟು ಬರೀ ಜೂನಿಯರ್ ಎಂದರು.

ಕುದುರೆಯನ್ನು ಇಳಿಸಿದ ದಿನ ಜಹಾಂಗೀರ ಹೋಗುವ ಮುಂಚೆ ಒಂದಿಷ್ಟು ಬುದ್ಧಿ ಹೇಳಿದ. ಗಂಡು ಕುದುರೆಯ ಹತ್ತಿರ ಹೋಗುವಾಗ ಮೊದಲು ದನಿ ಕೊಡಬೇಕು, ಎಡಗಡೆಯಿಂದ ಹೋಗಿ ಹೆಗಲ ಹತ್ತಿರ ನಿಲ್ಲಬೇಕು, ಎದುರಿಗೂ ಅಲ್ಲ, ಹಿಂದಂತೂ ಅಲ್ಲವೇ ಅಲ್ಲ. ಕೈಯಿಂದ ಏನನ್ನೂ ತಿನ್ನಿಸಬಾರದು, ಕೊಡುವುದನ್ನು ಗೋದಲಿಯಲ್ಲಿ ಹಾಕಬೇಕು. ದಿನಾ ಹೊರಗೆ ಅಡ್ಡಾಡಿಸಬೇಕು, ಒಳಗೇ ಕಟ್ಟಿಹಾಕಿದರೆ ತಲೆ ಕೆಡುತ್ತದೆ. ಹೆಣ್ಣಿನ ಹತ್ತಿರ ಒಯ್ಯುವಾಗ ಬೇರೆ ಲಗಾಮು, ಉಳಿದ ದಿನ ಬೇರೆ, ಯಾವುದು ಯಾವ ಕೆಲಸ ಎಂದು ಅದಕ್ಕೇ ತಿಳಿಯುತ್ತದೆ. ಹೊಡೆಯಬಾರದು, ಚೀರಬಾರದು. ಗುಡದಪ್ಪ ಇದನ್ನೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದಾಗ ಕೋಣ ಕೇಳುವಷ್ಟೇ ಶ್ರದ್ಧೆಯಿಂದ ಕೇಳಿದ. ಚಹಾ ಕೊಡಲು ಬಂದ ದುರಗವ್ವ ಖಾಲಿ ತಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಅವಳು ಬಟ್ಟಲಿಗಾಗಿ ಕಾಯುತ್ತಿದ್ದಾಳೆ ಎಂದುಕೊಂಡೆ.

ಗುಡದಪ್ಪನಿಗೆ ಗೊತ್ತಿದ್ದುದು ಹೋರಿಯ ವಿದ್ಯೆ. ಹೋರಿಯ ಅಪಾಯ ಇರುವುದು ಮುಂದೆ, ಕೋಡಿನಲ್ಲಿ. ಅದಕ್ಕೇ ಹೋರಿಯವರು ಹಿಂದಿನಿಂದ ಬರುತ್ತಾರೆ, ಬಾಲ ತಿರುವುತ್ತಾರೆ, ಅಖಾಡದ ಬಾಯಿಯಲ್ಲಿ ತಿಕದ ಮೇಲೆ ಫಟಾರನೆ ಹೊಡೆದು ಮುಂದಕ್ಕೆ ಬಿಡುತ್ತಾರೆ. ಕೋಡು ಇಲ್ಲದ ಪ್ರಾಣಿಯನ್ನು ಕಂಡು ಗುಡದಪ್ಪನಿಗೆ ಅರ್ಧ ಅಪಾಯ ಕಡಿಮೆಯಾದಂತೆ ಅನ್ನಿಸಿರಬೇಕು. ಕುದುರೆ ಹಿಂದೆ, ಅಧಿಕಾರಿ ಮುಂದೆ ನಿಲ್ಲಬಾರದು ಎಂಬ ಗಾದೆಯನ್ನು ಅವನೇ ನೂರು ಸಲ ಹೇಳಿದವನು. ಅದು ಅಧಿಕಾರಿಗಳನ್ನು ಬಯ್ಯಲು ಮಾಡಿದ ಗಾದೆ ಎಂದು ತಿಳಿದಿದ್ದ, ಅದರಲ್ಲಿ ಕುದುರೆಯೂ ಇದೆ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ದಿನಾ ಬೆಳಿಗ್ಗೆ ಹಿಂದಿನಿಂದ ಹೋಗಿ ಬೆನ್ನು ಚಪ್ಪರಿಸುವುದು, ಅಂಗೈಯಲ್ಲಿ ಬೆಲ್ಲ ಇಟ್ಟು ತಿನ್ನಿಸುವುದು, ಅದು ಬೆಲ್ಲದ ಜೊತೆ ಕೈಯನ್ನೂ ಹಿಡಿದರೆ ಮೂತಿಗೆ ಬಾರಿಸಿ ಬಯ್ಯುವುದು, ಆಮೇಲೆ ಮನಸ್ಸು ಕರಗಿ ಇನ್ನೊಂದು ತುಂಡು ಬೆಲ್ಲ ಕೊಡುವುದು. ಮುಂಗೈ ಮೇಲೆ ಹಲ್ಲಿನ ಗುರುತು ಮೂಡಿದ ದಿನ ಅಂಗಡಿಗೆ ಅಂಗಿಯ ತೋಳು ಮಡಿಸಿಕೊಂಡು ಬಂದ. ಸೈನಿಕರು ಪದಕ ತೋರಿಸುವಂತೆ ಎಲ್ಲರಿಗೂ ತೋರಿಸಿದ. ಸಾಕಿದ ತನಗೇ ಹೀಗೆ ಮಾಡುತ್ತದೆ, ಬೇರೆಯವರು ಹೋದರೆ ಹೆಣವೇ ಹೊರಗೆ ಬರುವುದು ಎಂದ. ನಾವು ಬಾಯಿ ತೆರೆದುಕೊಂಡು ಕೇಳಿದೆವು. ಮರುದಿನ ಕೊಟ್ಟಿಗೆಯ ಬಾಗಿಲಿಗೆ ಬೋರ್ಡು ಬಿತ್ತು: ‘ಯಾರೂ ಹತ್ತಿರ ಬರಬಾರದು. ಜೀವಕ್ಕೆ ಅಪಾಯ.’

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದಾಗಲೂ ಅದೇ ಮಾತು. ಕುದುರೆ ಕಟ್ಟಿದ ಒಂದಿಬ್ಬರು ಸಾಹುಕಾರರು ಆಸೆಯಿಂದ ವಿಚಾರಿಸಿದರು. ಯಾರ ಕೈಗೂ ಸಿಗುವುದಿಲ್ಲ ಎಂದು ಗುಡದಪ್ಪ ಎದೆ ಉಬ್ಬಿಸಿ ಹೇಳಿದ. ಹಾಗಾದರೆ ನಮ್ಮ ಹೆಣ್ಣನ್ನು ತಂದಾಗ ಹಿಡಿಯುವವರು ಯಾರು ಎಂದು ಅವರು ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಅಂಗಡಿಗೆ ಹೋದರು. ಅವರಿಗೆ ಗಂಡು ಕುದುರೆಯ ಕಿಮ್ಮತ್ತು ಗೊತ್ತಿಲ್ಲ ಎಂದು ಗುಡದಪ್ಪ ತೀರ್ಪು ಕೊಟ್ಟ. ಹೀಗೆ ಮೂರು ತಾಲೂಕಿನ ಹೆಣ್ಣು ಕುದುರೆಗಳೂ ಜೂನಿಯರ್‌ನಿಂದ ದೂರ, ಕ್ಷೇಮವಾಗಿ ಉಳಿದವು.

ಕೊನೆಗೆ ಬಂದದ್ದು ಜಹಾಂಗೀರನ ಹೆಣ್ಣು ಕುದುರೆ ಚಾಂದನಿ ಒಂದೇ. ಮದುವೆ ಸೀಸನ್ ಮುಗಿದಿತ್ತು, ಅದು ಬೆದೆಗೆ ಬಂದಿತ್ತು. ಗಾಡಿಯಿಂದ ಚಾಂದನಿಯನ್ನು ಇಳಿಸಿ ಜಹಾಂಗೀರ ಸುತ್ತ ನೋಡಿದ, ಮುಖ ಬಿಳಿಚಿತು. ಅಂಗಳದಲ್ಲಿ ಅರ್ಧ ಊರೇ ನೆರೆದಿತ್ತು. ಹಲಗೆ ಬಾರಿಸುವವರು ಇದ್ದರು, ಪೀಪಿ ಊದುವವರು ಇದ್ದರು. ಜೂನಿಯರ್ ಕೊರಳಿಗೆ ಕೊಬ್ಬರಿ ಸರ, ಬಣ್ಣದ ಬಲೂನು. ಪಾಪ, ಕುದುರೆಗೆ ಇದು ಶೋಭನವೋ ಓಟದ ಸ್ಪರ್ಧೆಯೋ ತಿಳಿಯುವ ಬಗೆಯಿರಲಿಲ್ಲ. ಜನರನ್ನು ಕಳಿಸು, ಲಗಾಮು ಹಾಕಿ ಪಕ್ಕದಿಂದ ನಡೆಸಿಕೊಂಡು ಬಾ, ಮೊದಲು ಗೋಡೆಯ ಆಚೆ ಈಚೆ ನಿಲ್ಲಿಸಿ ಒಂದಕ್ಕೊಂದು ಮೂಸಿ ನೋಡಲಿ ಎಂದು ಜಹಾಂಗೀರ ಕೈ ಮುಗಿದು ಕೇಳಿಕೊಂಡ. ಗುಡದಪ್ಪ ನಕ್ಕ. ಗಂಡಿಗೆ ಹೆಣ್ಣನ್ನು ಪರಿಚಯ ಮಾಡಿಸಬೇಕಾ ಎಂದು ನಮ್ಮ ಕಡೆ ನೋಡಿ ಕೇಳಿದ, ನಾವೂ ನಕ್ಕೆವು. ಹಲಗೆ ಜೋರಾಯಿತು. ಗುಡದಪ್ಪ ಕೊಟ್ಟಿಗೆಯ ಬಾಗಿಲು ತೆಗೆದ, ಹಗ್ಗ ಬಿಚ್ಚಿದ, ಐರಣಿಯ ಅಖಾಡದಲ್ಲಿ ನಿಂತಂತೆ ಜೂನಿಯರ್‌ನ ಬೆನ್ನ ಹಿಂದೆ ನಿಂತು ಫಟಾರನೆ ಹೊಡೆದ.

‘ಹೋಗಲೇ ಸಿಡಿಲ’ ಎಂಬ ಮಾತು ಪೂರ್ತಿಯಾಗಲಿಲ್ಲ. ಜೂನಿಯರ್ ಎರಡೂ ಹಿಂಗಾಲು ಎತ್ತಿ ಒದೆಯಿತು. ಗುಡದಪ್ಪ ಗೋದಲಿಯ ಗೋಡೆಗೆ ಹೋಗಿ ಬಿದ್ದ, ತೊಡೆಯ ಎಲುಬು ಮುರಿದ ಸದ್ದು ಹಲಗೆಯ ನಡುವೆಯೂ ಕೇಳಿಸಿತು. ಅಗಡಿಯ ವೀರರೆಲ್ಲ ಒಂದೇ ಏಟಿಗೆ ಕಂಪೌಂಡ್ ಹಾರಿದರು. ನಾನು ಯಾವ ಗೋಡೆ ಹಾರಿದೆ ಎಂಬುದು ನನಗೇ ನೆನಪಿಲ್ಲ. ಜಹಾಂಗೀರ ಚಾಂದನಿಯನ್ನು ಗಾಡಿಗೆ ಹತ್ತಿಸಿಕೊಂಡು ಹೊರಟೇಹೋದ. ನಾವು ಗುಡದಪ್ಪನನ್ನು ಹೊತ್ತು ಟೆಂಪೋದಲ್ಲಿ ಹಾಕಿ ಹಾವೇರಿಯ ಆಸ್ಪತ್ರೆಗೆ ಓಡಿದೆವು. ದುರಗವ್ವ ಮಾತ್ರ ಮುಂದಿನ ಬಸ್ಸಿಗೆ ಬಂದಳು. ಗಂಡ ಸಾಯಲು ಬಿದ್ದರೂ ಮನೆಗೆ ಬೀಗ ಹಾಕುವುದನ್ನು ಮರೆಯದ ಹೆಂಗಸು ಎಂದು ನಾವೆಲ್ಲ ಗೊಣಗಿದೆವು.

ತೊಡೆಗೆ ರಾಡ್ ಹಾಕಿದರು. ಎಚ್ಚರವಾದ ಮೇಲೆ ಗುಡದಪ್ಪ ಕಾಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡ, ಕಣ್ಣಲ್ಲಿ ನೀರಿತ್ತು.

“ಸುಭಾಷ, ಅದಕ್ಕ ನೀರ ಯಾರ ಕುಡಿಸ್ತಾರೋ? ನಾ ಇಲ್ಲಿ ಬಿದ್ದೇನಿ, ಅದು ಅಲ್ಲಿ ಬಾಯಾರಿ ಸಾಯ್ತೈತಿ.”

ಕೊಟ್ಟಿಗೆಯ ಒಳಗೆ ಕಾಲಿಡಬಾರದು, ಬಿದಿರಿನ ಗಳಕ್ಕೆ ಬಕೆಟ್ಟು ಕಟ್ಟಿ ಗೋಡೆಯ ಮೇಲಿಂದ ಇಳಿಬಿಡಬೇಕು, ಮೇವನ್ನು ದೂರದಿಂದ ಒಗೆಯಬೇಕು, ನಾನು ಒದೆ ತಿಂದು ಸತ್ತರೆ ನನ್ನ ಹೆಂಡತಿ ಮಕ್ಕಳ ಶಾಪ ತನಗೆ ಬೇಡ ಎಂದೆಲ್ಲ ಹೇಳಿದ. ಅಷ್ಟು ಕಾಳಜಿಯನ್ನು ನನ್ನ ಬಗ್ಗೆ ಅವನು ಯಾವತ್ತೂ ತೋರಿಸಿದವನಲ್ಲ. ದುರಗವ್ವನನ್ನು ಕೇಳೋಣವೆಂದರೆ ಅವಳು ಆಗಷ್ಟೇ ರೊಟ್ಟಿ ಇಟ್ಟು ಬಸ್ಸಿಗೆ ಹೋಗಿದ್ದಳು. ಅವಳ ಹೆಸರು ಎತ್ತಿದರೆ ಗುಡದಪ್ಪ ತಲೆ ಅಲ್ಲಾಡಿಸಿದ. ಆಕೆ ಹೆಣ್ಣುಮಗಳು, ಕೊಟ್ಟಿಗೆಯ ಕಡೆ ಸುಳಿಯುವುದೇ ಇಲ್ಲ ಎಂದ.

ಮಧ್ಯಾಹ್ನ ಗಳ ಹೊತ್ತುಕೊಂಡು, ಬಕೆಟ್ಟು ಹಿಡಿದುಕೊಂಡು, ಮನದಲ್ಲಿ ಎಲ್ಲಾ ದೇವರನ್ನು ನೆನೆಯುತ್ತಾ ಗುಡದಪ್ಪನ ಮನೆಗೆ ಹೋದೆ. ಜೂನಿಯರ್ ಕೊಟ್ಟಿಗೆಯಲ್ಲಿ ಇರಲಿಲ್ಲ. ನೀರಿನ ತೊಟ್ಟಿಯ ಹತ್ತಿರ ನಿಂತು ಸದ್ದು ಮಾಡುತ್ತಾ ನೀರು ಕುಡಿಯುತ್ತಿತ್ತು. ಅದರ ಎಡ ಹೆಗಲಿನ ಪಕ್ಕ ಹಗ್ಗವನ್ನು ಸಡಿಲವಾಗಿ ಹಿಡಿದುಕೊಂಡು ದುರಗವ್ವ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದಳು.

“ಆ ಗಳ ಕೆಳಗ ಇಡ್ರಿ ಸುಭಾಷಣ್ಣ. ಅದು ಹೆದರತೈತಿ.”

ಕುದುರೆಯೋ ನಾನೋ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗಳ ಇಟ್ಟೆ. ಅವಳು ಜೂನಿಯರ್‌ನನ್ನು ಅಂಗಳದಲ್ಲಿ ಒಂದು ಸುತ್ತು ನಡೆಸಿ, ಒಳಗೆ ಒಯ್ದು ಕಟ್ಟಿ ಬಂದಳು. ಆಮೇಲೆ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಕುದುರೆ ಬಂದ ವಾರದಲ್ಲೇ ಶುರುವಾದದ್ದು. ಗಂಡ ಬೆಳಿಗ್ಗೆ ಒಂದು ಬಕೆಟ್ಟು ನೀರಿಟ್ಟು ನನ್ನ ಅಂಗಡಿಗೆ ಬಂದರೆ ತಿರುಗಿ ಬರುವುದು ಹೊತ್ತು ಇಳಿದ ಮೇಲೆ. ಬಿಸಿಲಲ್ಲಿ ಅದು ಖಾಲಿ ಬಕೆಟ್ಟು ಒದ್ದು ಒದ್ದು ಸದ್ದು ಮಾಡುತ್ತಿತ್ತು, ಅವಳಿಗೆ ರೊಟ್ಟಿ ತಟ್ಟಲು ಬಿಡುತ್ತಿರಲಿಲ್ಲ. ಜಹಾಂಗೀರ ಹೇಳಿದ್ದು ನೆನಪಿತ್ತು. ಹಾಗೇ ಮಾಡಿದಳು, ಅದು ಸುಮ್ಮನೆ ಬಂತು. ಗಂಡನಿಗೆ ಒದ್ದ ದಿನವೂ ಅದನ್ನು ಹಿಡಿದು ಒಳಗೆ ಕಟ್ಟಿದ ಮೇಲೆಯೇ ಬಸ್ಸು ಹತ್ತಿದ್ದಳು. ಪ್ರಾಣಿಯ ಮೇಲೆ ಅವಳಿಗೇನೂ ವಿಶೇಷ ಪ್ರೀತಿ ಇರಲಿಲ್ಲ, ಮೊದಮೊದಲು ಸದ್ದು ನಿಂತರೆ ಸಾಕಾಗಿತ್ತು ಎಂದಳು. ಈಗ ಮಾತ್ರ ಅದು ತನ್ನ ದನಿ ಕೇಳಿದರೆ ಕಿವಿ ಎತ್ತುತ್ತದೆ ಎಂದು ಹೇಳುವಾಗ ಅವಳ ಮುಖ ಬೇರೆಯಾಗಿತ್ತು.

“ಅವರಿಗೆ ಹೇಳಬ್ಯಾಡ್ರಿ ಮತ್ತ,” ಎಂದಳು.

ಇಂಥ ಮಹಾ ರಹಸ್ಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಆರೋಗ್ಯಕ್ಕೆ ಒಳ್ಳೆಯದಲ್ಲ. ಮನೆಗೆ ಹೋದವನೇ ಹೆಂಡತಿ ಶೈಲಾಳಿಗೆ ಉಪ್ಪು ಖಾರ ಹಚ್ಚಿ ಹೇಳಿದೆ. ಅವಳು ಕೈಲಿದ್ದ ಸೊಪ್ಪಿನಿಂದ ಕಣ್ಣು ಎತ್ತಲಿಲ್ಲ. ತಾವೆಲ್ಲ ನೀರಿಗೆ ಹೋಗುವಾಗ ದಿನಾ ನೋಡುತ್ತೇವೆ, ಓಣಿಯ ಹೆಂಗಸರಿಗೆಲ್ಲ ಗೊತ್ತು ಎಂದಳು. ಅಂದರೆ ಅರ್ಧ ಊರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದ ಅರ್ಧ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಜೂನಿಯರ್‌ನ ಪ್ರತಾಪ ಕೇಳುತ್ತಿತ್ತು.

ನಾನು ಆಸ್ಪತ್ರೆಗೆ ಹೋಗಿ ಗಳದ ಕಥೆ ಹೇಳಿದೆ. ಬಕೆಟ್ಟನ್ನು ಮೂರು ಸಲ ಒದ್ದು ಹಾರಿಸಿತು ಎಂದು ಸೇರಿಸಿದೆ. ಗುಡದಪ್ಪನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಅವನು ಮಂಕಾದ. ಎರಡು ದಿನ ಯೋಚನೆ ಮಾಡಿ ಜಹಾಂಗೀರನನ್ನು ಕರೆಸಿದ. ಕಾಲು ಸರಿಯಾಗಲು ತಿಂಗಳುಗಟ್ಟಲೆ ಬೇಕು, ಸರಿಯಾದರೂ ಮೊದಲಿನಂತೆ ಓಡಾಡಲಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

“ನಾ ಇಲ್ಲದಾಗ ಅದು ಒಬ್ಬರನ್ನ ಕೊಂದ್ರ ಏನ ಮಾಡ್ಲಿ? ಬೀಜ ತೆಗಸಿಬಿಡು, ಜಹಾಂಗೀರ. ಸಾಧು ಆದ ಮ್ಯಾಲೆ ನೀನ ಒಯ್ಯಿ, ಮೆರವಣಿಗಿಗೆ ನಡಸು.”

ಹೇಳಿ ಗೋಡೆಯ ಕಡೆ ಹೊರಳಿದ. ಹೋರಿ ಸತ್ತ ವರ್ಷ ಕಂಡಿದ್ದ ಮುಖ ಅದು. ಅದಕ್ಕೆ ಕಾರಣ ನನ್ನ ಮೂರು ಬಕೆಟ್ಟಿನ ಸುಳ್ಳು. ಬಾಯಿ ಬಿಟ್ಟರೆ ಕುದುರೆ ಉಳಿಯುತ್ತಿತ್ತು, ಗುಡದಪ್ಪ ಉಳಿಯುತ್ತಿರಲಿಲ್ಲ. ಹೇಳಬೇಕಾದವಳು ದುರಗವ್ವ ಎಂದುಕೊಂಡು ಮೊದಲ ಬಸ್ಸು ಹಿಡಿದು ಅವಳಿಗೆ ಸುದ್ದಿ ಮುಟ್ಟಿಸಿದೆ.

ದುರಗವ್ವ ಸೆಗಣಿ ಬಳಿಯುತ್ತಿದ್ದವಳು ಹಾಗೇ ನಿಂತಳು. ಅವಳಿಗೆ ಸಿಟ್ಟು ಬಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕುದುರೆಯ ಬೀಜ ತೆಗೆಯುವ ಬದಲು ಗಂಡನ ನಾಲಗೆ ತೆಗೆಸಿದ್ದರೆ ಕಾಲೂ ಉಳಿಯುತ್ತಿತ್ತು ಎಂದಳು. ಹಾಗಾದರೆ ಹೋಗಿ ಹೇಳವ್ವ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಈಗ ಕಾಲು ಅಷ್ಟೇ ಮುರಿದಿದೆ, ಇದನ್ನು ಹೇಳಿದರೆ ಅವರಲ್ಲಿ ಮುರಿಯದೆ ಉಳಿದದ್ದು ಏನೂ ಇರುವುದಿಲ್ಲ ಎಂದಳು. ಆಮೇಲೆ ಕೊಟ್ಟಿಗೆಯ ಕಡೆ ನೋಡಿದಳು. ಏನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನವೇ ಕೆಲಸ ಮುಗಿಯಬೇಕು, ತಾನು ಎದುರಿಗಿರಬೇಕು ಎಂದು ಗುಡದಪ್ಪ ಹಟ ಹಿಡಿದಿದ್ದ. ಟೆಂಪೋದಲ್ಲಿ ತಂದು ಅಂಗಳದ ಬೇವಿನ ಮರದ ಕೆಳಗೆ ಮಂಚದ ಮೇಲೆ ಮಲಗಿಸಿದೆವು. ದನದ ಡಾಕ್ಟರು ಚೀಲ ತಂದಿದ್ದರು, ಜಹಾಂಗೀರ ಹಗ್ಗ ತಂದಿದ್ದ. ಕಂಪೌಂಡಿನ ಹೊರಗೆ ಓಣಿಯ ಹೆಂಗಸರು ಕೊಡ ಹಿಡಿದುಕೊಂಡು ನಿಂತಿದ್ದರು. ಗಂಡಸರು ಇನ್ನೂ ದೂರ ನಿಂತಿದ್ದರು.

ಕುದುರೆಯನ್ನು ಹೊರಗೆ ತರುವವರು ಯಾರು ಎಂದು ಡಾಕ್ಟರು ಕೇಳಿದರು. ಜಹಾಂಗೀರ ಎದ್ದ. ಗುಡದಪ್ಪ ಅವನನ್ನು ತಡೆದ. ಬೇರೆಯವರು ಹೋದರೆ ಬಿಡುವುದಿಲ್ಲ, ತನ್ನನ್ನು ಮಂಚದ ಸಮೇತ ಬಾಗಿಲವರೆಗೆ ಒಯ್ಯಿರಿ, ತನ್ನ ದನಿ ಕೇಳಿದರೆ ಬರುತ್ತದೆ ಎಂದ. ನಾವು ಮಂಚಕ್ಕೆ ಕೈ ಹಾಕಿದೆವು.

ಅಷ್ಟರಲ್ಲಿ ದುರಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಟ್ಟಿಗೆಯ ಒಳಗೆ ಹೋದಳು. ಗುಡದಪ್ಪ ಬ್ಯಾಡ ಎಂದು ಕೂಗಿ ಎದ್ದು ಕೂರಲು ಹೋಗಿ ನೋವಿಗೆ ಮತ್ತೆ ಬಿದ್ದ. ಒಳಗಿನಿಂದ ಅವಳು ಏನೋ ಮೆಲ್ಲಗೆ ಮಾತಾಡಿದ್ದು ಕೇಳಿಸಿತು. ಹೊರಗೆ ಬಂದಾಗ ಜೂನಿಯರ್ ಅವಳ ಬಲಕ್ಕಿತ್ತು, ಅವಳ ನಡಿಗೆಗೆ ತನ್ನ ನಡಿಗೆ ಹೊಂದಿಸಿಕೊಂಡು ಬರುತ್ತಿತ್ತು. ಮಂಚದಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿದಳು. ನಿಂತಿತು. ಬಾಲದಿಂದ ನೊಣ ಓಡಿಸಿಕೊಂಡಿತು.

ಗುಡದಪ್ಪ ಕುದುರೆಯನ್ನು ನೋಡಿದ, ಅವಳ ಕೈಯಲ್ಲಿನ ಸಡಿಲ ಹಗ್ಗವನ್ನು ನೋಡಿದ.

“ಯಾವಾಗಿಂದ?”

“ಬಂದಾಗಿಂದ.”

“ನಿನಗ ಒಮ್ಮೆರ ಕಚ್ಚೇತೇನ?”

“ಇಲ್ರಿ.”

ಗುಡದಪ್ಪ ತನ್ನ ಮುಂಗೈ ಮೇಲಿನ ಗುರುತುಗಳನ್ನು ನೋಡಿಕೊಂಡ. ಬಹಳ ಹೊತ್ತು ನೋಡಿಕೊಂಡ.

“ಹಂಗಾರ ಅದು ಕಚ್ಚೂದು ನನಗಷ್ಟ ಏನು?”

ಅವನ ದನಿಯಲ್ಲಿ ಇದ್ದ ನೋವು ಕೇಳಿ ನನಗೆ ಮೈ ಉರಿಯಿತು, ಅವನ ಮೇಲಲ್ಲ, ಇಷ್ಟು ದಿನ ಅವನ ಎದುರು ಬಾಯಿ ತೆರೆದುಕೊಂಡು ಕೂತ ನಮ್ಮ ಮೇಲೆ. ದುರಗವ್ವ ಮಾತ್ರ ಕನಿಕರ ತೋರಿಸಲಿಲ್ಲ. ಅಂಗೈಯಲ್ಲಿ ಬೆಲ್ಲ ಹಿಡಿದುಕೊಂಡು ಹೋದರೆ ಬೆಲ್ಲ ಯಾವುದು ಬೆರಳು ಯಾವುದು ಎಂದು ಅದಕ್ಕೇನು ಗೊತ್ತು ಎಂದಳು. ಹಿಂದಿನಿಂದ ಹೋಗಿ ಹೊಡೆದರೆ ಯಾರು ಹೊಡೆದರು ಎಂದೂ ಅದಕ್ಕೆ ಕಾಣುವುದಿಲ್ಲ ಎಂದಳು.

“ನನಗ ಒಂದ ಮಾತ ಯಾಕ ಹೇಳಲಿಲ್ಲ?”

“ಹೇಳಿದ್ರ ನಿಮಗೇನ ಉಳೀತಿತ್ರಿ?”

ಗುಡದಪ್ಪ ಅತ್ತ. ಮುಖ ಮುಚ್ಚಿಕೊಳ್ಳದೆ, ಎಲ್ಲರ ಎದುರಿಗೇ ಅತ್ತ. ಇನ್ನು ಯಾರ್ಯಾರಿಗೆ ಗೊತ್ತಿದೆ ಎಂದು ಕೇಳಿದ. ಯಾರಿಗೂ ಇಲ್ಲ ಎನ್ನಲು ನಾನು ಬಾಯಿ ತೆರೆದೆ, ಆದರೆ ಅವನ ಕಣ್ಣು ಆಗಲೇ ಕಂಪೌಂಡಿನ ಆಚೆಗೆ ಹೋಗಿತ್ತು. ಹೆಂಗಸರೆಲ್ಲ ಒಮ್ಮೆಲೇ ತಲೆ ತಗ್ಗಿಸಿದರು. ಶೈಲಾ ಕೊಡವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿದಳು.

ಡಾಕ್ಟರು ಗಡಿಯಾರ ನೋಡಿಕೊಂಡು, ಹಾಗಾದರೆ ಶುರು ಮಾಡೋಣವೇ ಎಂದರು. ಗುಡದಪ್ಪ ಟವೆಲ್ಲಿನಿಂದ ಮೂಗು ಒರೆಸಿಕೊಂಡ. ಬೇಡ, ಅದು ಹೇಗಿದೆಯೋ ಹಾಗೇ ಇರಲಿ, ಹಿಡಿಯುವವರು ಮನೆಯಲ್ಲೇ ಇದ್ದಾರೆ ಎಂದ. ಜಹಾಂಗೀರ ಹಗ್ಗ ಸುತ್ತತೊಡಗಿದ. ಗುಡದಪ್ಪ ಹೆಂಡತಿಯ ಕಡೆ ತಿರುಗಿದ, ಆದರೆ ಕುದುರೆಯ ಕಾಲುಗಳನ್ನೇ ನೋಡುತ್ತಾ ಮಾತಾಡಿದ.

“ಬಿಸಲಾಗ ಯಾಕ ನಿಂದರಿಸೀದಿ? ನೀರ ಕುಡಸ ಅದಕ್ಕ.”

“ಆವಾಗ್ಲೇ ಕುಡಿಸೇನ್ರಿ,” ಎಂದಳು ದುರಗವ್ವ.